ಹತ್ತರ ಅಂಗಿ ಯಾರಿಗೆ? ಸ್ಪ್ರಿಂಗ್‌ಬಾಕ್ ಬ್ಯಾಕ್‌ಗಳ ಲಯ ಮತ್ತು ಆಯ್ಕೆಯ ಜಗಳ

ಪ್ರಶ್ನೆ: 2019ರ ವಿಶ್ವಕಪ್‌ನಿಂದಲೂ ದಕ್ಷಿಣ ಆಫ್ರಿಕಾದ ರಗ್ಬಿ ತಂಡವಾದ ಸ್ಪ್ರಿಂಗ್‌ಬಾಕ್‌ನ ಆಟವನ್ನು ತಪ್ಪದೆ ನೋಡುತ್ತಿದ್ದೇನೆ. ತಂಡ ಪ್ರಕಟವಾಗುವ ದಿನ ನನಗೂ ನನ್ನ ತಮ್ಮನಿಗೂ ಜಗಳ ತಪ್ಪಿದ್ದಲ್ಲ. ಹತ್ತರ ಅಂಗಿ ತೊಟ್ಟು ದಾಳಿಯನ್ನು ನಡೆಸುವ ಫ್ಲೈ ಹಾಫ್ ಸ್ಥಾನಕ್ಕೆ ನಾನು ಹ್ಯಾಂಡ್ರೆ ಪೊಲಾರ್ಡ್ ಪಕ್ಷ, ಅವನು ಮಾನಿ ಲಿಬೋಕ್ ಪಕ್ಷ. ಈಗ ಸಾಶಾ ಫೈನ್‌ಬರ್ಗ್-ಮ್ಗೊಮೆಜುಲು ಬಂದ ಮೇಲೆ ಇಬ್ಬರೂ ಗೊಂದಲದಲ್ಲಿದ್ದೇವೆ. ಲಯದಲ್ಲಿಲ್ಲದ ಹಿರಿಯರನ್ನು ಮತ್ತೆ ಮತ್ತೆ ಆಡಿಸುವುದು, ಚೆನ್ನಾಗಿ ಆಡಿದವನನ್ನು ಮುಂದಿನ ವಾರವೇ ಕೈಬಿಡುವುದು, ಅಂಚಿನಲ್ಲಿ ಓಡುವ ವಿಂಗ್‌ಗಳ ಕೈಗೆ ಚೆಂಡೇ ಕೊಡದೆ ಬರೀ ಒದೆಯುವುದು, ಮೀಸಲು ಪಟ್ಟಿಯಲ್ಲಿ ಮುಂದೆ ಮೈಬಲದಿಂದ ಸೆಣಸುವ ಏಳು ಫಾರ್ವರ್ಡ್‌ಗಳನ್ನೂ ಹಿಂದೆ ಓಡಿ ಆಡುವ ಒಬ್ಬನೇ ಬ್ಯಾಕ್‌ನನ್ನೂ ಇಡುವುದು, ಇವು ಯಾವುವೂ ನಮಗೆ ಅರ್ಥವಾಗುವುದಿಲ್ಲ. ಕೆಲವರು ಇದೆಲ್ಲ ಮೈಬಣ್ಣದ ಲೆಕ್ಕಾಚಾರ ಎನ್ನುತ್ತಾರೆ. ಇಷ್ಟಕ್ಕೂ ಒಬ್ಬ ಬ್ಯಾಕ್ ಆಟಗಾರನ ಲಯವನ್ನು ಅಳೆಯುವುದು ಹೇಗೆ? ಹತ್ತರ ಅಂಗಿಯನ್ನು ನೀವಾದರೆ ಯಾರಿಗೆ ಕೊಡುತ್ತೀರಿ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವೆಲ್ಲ ಒಂದೇ ಅಸಮಾಧಾನದಿಂದ ಹುಟ್ಟಿವೆ. ಪಂದ್ಯದಲ್ಲಿ ನೀವು ಕಂಡದ್ದು ಒಂದು, ಮುಂದಿನ ವಾರದ ತಂಡದ ಪಟ್ಟಿಯಲ್ಲಿರುವುದು ಇನ್ನೊಂದು, ಮತ್ತು ಈ ಎರಡರ ನಡುವಿನ ಕೊಂಡಿಯನ್ನು ಯಾರೂ ವಿವರಿಸುವುದಿಲ್ಲ. ಈ ಅಸಮಾಧಾನ ಹುರುಳಿಲ್ಲದ್ದೇನಲ್ಲ. ಕೆಲವು ಕಡೆ ನೀವು ಹೇಳುವುದೇ ಸರಿ ಎಂದು ಮುಂದೆ ನಾನೂ ಒಪ್ಪಿಕೊಳ್ಳಲಿದ್ದೇನೆ. ಆದರೆ ಮೊದಲು ಲಯ ಎಂಬ ಮಾತನ್ನೇ ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ನಿಮ್ಮ ಮನೆಯ ಜಗಳದ ಅರ್ಧಭಾಗ ಆ ಒಂದು ಪದದಲ್ಲೇ ಇದೆ.

ನಾನು ಹಲವು ವರ್ಷ ಬ್ಯಾಕ್ ಆಟಗಾರರಿಗೆ ತರಬೇತಿ ಕೊಟ್ಟು, ಆಮೇಲೆ ಪಂದ್ಯಗಳ ವಿಡಿಯೊ ವಿಶ್ಲೇಷಣೆಗೆ ಬಂದವನು. ಆ ಕೆಲಸಕ್ಕೆ ಬಂದ ಮೊದಲ ವರ್ಷವೇ ನನ್ನ ಕಣ್ಣು ತೆರೆಸಿದ್ದು ಒಬ್ಬ ವಿಂಗ್ ಆಟಗಾರನ ಪ್ರಕರಣ. ಮೂರು ಪಂದ್ಯಗಳಲ್ಲಿ ಅವನ ಕಡೆಯಿಂದ ಎದುರಾಳಿಗಳಿಗೆ ಐದು ಟ್ರೈಗಳು (ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿ ಪಡೆಯುವ ಐದು ಅಂಕ) ಬಂದಿದ್ದವು. ನೋಡುವವರೆಲ್ಲ ಅವನನ್ನು ತೆಗೆದುಹಾಕಬೇಕೆಂದರು, ನಾನೂ ಹಾಗೆಯೇ ಬರೆದುಕೊಟ್ಟೆ. ಇಡೀ ಮೈದಾನ ಕಾಣುವಂತೆ ಮೇಲಿನಿಂದ ಚಿತ್ರೀಕರಿಸಿದ ದೃಶ್ಯಗಳನ್ನು ಮತ್ತೆ ನೋಡಿದಾಗ ತಿಳಿದದ್ದೇ ಬೇರೆ. ಅವನ ಒಳಬದಿಯಲ್ಲಿ, ಸಾಲಿನ ನಡುವೆ ಆಡುವ ಸೆಂಟರ್ ಪ್ರತಿ ಸಲವೂ ಒಂದು ಹೆಜ್ಜೆ ತಡವಾಗಿ ಮುಂದೆ ಬರುತ್ತಿದ್ದ, ಆ ಕಂಡಿಯನ್ನು ಮುಚ್ಚಲು ಈ ಹುಡುಗ ತನ್ನ ಜಾಗ ಬಿಟ್ಟು ಒಳಗೆ ನುಗ್ಗುತ್ತಿದ್ದ, ಚೆಂಡು ಅವನ ತಲೆಯ ಮೇಲಿಂದ ಹೊರಗೆ ಹೋಗುತ್ತಿತ್ತು. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಅದು ತಲುಪುವ ಹೊತ್ತಿಗೆ ತಪ್ಪು ಮಾಡಿದವನು ಚೌಕಟ್ಟಿನಿಂದ ಹೊರಗಿರುತ್ತಾನೆ, ತಪ್ಪನ್ನು ಸರಿಪಡಿಸಲು ಹೋದವನು ಮಾತ್ರ ಕಾಣುತ್ತಾನೆ. ಎಂಬತ್ತು ನಿಮಿಷದ ಪಂದ್ಯದಲ್ಲಿ ಒಬ್ಬ ವಿಂಗ್‌ನ ಕೈಯಲ್ಲಿ ಚೆಂಡು ಇರುವುದು ಒಟ್ಟಾರೆ ಒಂದು ನಿಮಿಷವೂ ಅಲ್ಲ. ಉಳಿದ ಎಪ್ಪತ್ತೊಂಬತ್ತು ನಿಮಿಷಗಳ ಕೆಲಸವನ್ನು ನೋಡದೆ ಅವನ ಲಯವನ್ನು ನಿರ್ಧರಿಸುವುದು ಕಷ್ಟ.

ಇದನ್ನು ನೀವೇ ನೋಡಿದ ಪಂದ್ಯಕ್ಕೆ ಹೊಂದಿಸಿ ಹೇಳುತ್ತೇನೆ. 2019ರ ನವೆಂಬರ್ 2ರಂದು ಯೊಕೊಹಾಮಾದಲ್ಲಿ ನಡೆದ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ಇಂಗ್ಲೆಂಡನ್ನು 32–12ರಿಂದ ಸೋಲಿಸಿತು. ಇಂದು ಎಲ್ಲರ ನೆನಪಿನಲ್ಲಿ ಉಳಿದಿರುವುದು ಮಕಜೋಲೆ ಮಪಿಂಪಿ ಮತ್ತು ಚೆಸ್ಲಿನ್ ಕೋಲ್ಬಿ ಗಳಿಸಿದ ಎರಡು ಟ್ರೈಗಳು. ಆದರೆ ಮಪಿಂಪಿಯ ಟ್ರೈ ಬಂದದ್ದು 66ನೇ ನಿಮಿಷದಲ್ಲಿ, ಕೋಲ್ಬಿಯದು ಅದಕ್ಕೂ ಎಂಟು ನಿಮಿಷ ತಡವಾಗಿ. ಅಲ್ಲಿಯವರೆಗಿನ ಅಂಕಗಳೆಲ್ಲ ಎರಡೂ ಕಡೆ, ಎದುರಾಳಿಯ ತಪ್ಪಿಗೆ ಸಿಗುವ ಪೆನಾಲ್ಟಿ ಕಿಕ್‌ಗಳಿಂದಲೇ ಬಂದಿದ್ದವು. 65ನೇ ನಿಮಿಷದಲ್ಲಿ ಯಾರಾದರೂ ಈ ಇಬ್ಬರ ಲಯದ ಬಗ್ಗೆ ತೀರ್ಪು ಕೊಟ್ಟಿದ್ದರೆ, ಇಬ್ಬರೂ ಏನೂ ಮಾಡಿಲ್ಲ ಎಂದೇ ಹೇಳಬೇಕಾಗಿತ್ತು. ವಾಸ್ತವದಲ್ಲಿ ಅವರು ಅಷ್ಟು ಹೊತ್ತೂ ಎತ್ತರದ ಕಿಕ್‌ಗಳನ್ನು ಬೆನ್ನಟ್ಟಿ, ಹಿಂದಕ್ಕೆ ಬಿದ್ದ ಚೆಂಡನ್ನು ಕಾಯ್ದು, ರಕ್ಷಣೆಯ ಸಾಲು ಮುಂದೆ ನುಗ್ಗಿದಾಗ ಅದರ ತುದಿಯನ್ನು ಬಿಗಿಯಾಗಿ ಹಿಡಿದಿದ್ದರು. ಮಪಿಂಪಿಯ ಟ್ರೈ ನಡೆದ ರೀತಿಯನ್ನೂ ನೆನಪಿಸಿಕೊಳ್ಳಿ. ಅವನು ಮುಂದಕ್ಕೆ ಮೆಲ್ಲಗೆ ಎತ್ತಿ ಒದ್ದ ಚೆಂಡನ್ನು ಹಿಡಿದವನು ಔಟ್‌ಸೈಡ್ ಸೆಂಟರ್ ಲುಖಾನ್ಯೊ ಆಮ್. ಆಮ್ ತಾನೇ ಗೆರೆ ದಾಟಲು ಯತ್ನಿಸಬಹುದಿತ್ತು. ಹಾಗೆ ಮಾಡದೆ ಪಕ್ಕದಲ್ಲಿ ಬರುತ್ತಿದ್ದ ಮಪಿಂಪಿಗೆ ಚೆಂಡು ಮರಳಿಸಿದ. ವಿಶ್ವಕಪ್ ಫೈನಲ್‌ಗಳಲ್ಲಿ ದಕ್ಷಿಣ ಆಫ್ರಿಕಾದ ಮೊಟ್ಟಮೊದಲ ಟ್ರೈ ಮಪಿಂಪಿಯ ಹೆಸರಿನಲ್ಲಿ ದಾಖಲಾಯಿತು. ಆಮ್‌ನ ಪಾಲನ್ನು ಹುಡುಕಬೇಕಾದರೆ ವಿಡಿಯೊವನ್ನೇ ನೋಡಬೇಕು.

ಅದೇ ಪಂದ್ಯದಲ್ಲಿ ಫುಲ್‌ಬ್ಯಾಕ್ ಆಗಿ ಆಡಿದವನು ವಿಲ್ಲಿ ಲೆ ರೂ. ಆ ಟೂರ್ನಿಯಲ್ಲಿ ಅವನ ಕೈಯಿಂದ ಚೆಂಡು ಜಾರಿದಾಗಲೆಲ್ಲ ಅಭಿಮಾನಿಗಳು ಅವನನ್ನು ಕೈಬಿಡಬೇಕೆಂದು ಒತ್ತಾಯಿಸಿದರು. ಕೋಚ್ ರಾಸ್ಸಿ ಎರಾಸ್ಮಸ್ ಕೊನೆಯವರೆಗೂ ಬಿಡಲಿಲ್ಲ. ಟೀಕಿಸಿದವರು ಸುಳ್ಳು ಹೇಳುತ್ತಿರಲಿಲ್ಲ, ಚೆಂಡು ನಿಜವಾಗಿಯೂ ಜಾರುತ್ತಿತ್ತು. ಆದರೆ ಫುಲ್‌ಬ್ಯಾಕ್ ಹಿಂದೆ ನಿಂತು ತನ್ನ ಇಬ್ಬರು ವಿಂಗ್‌ಗಳಿಗೆ ಎಲ್ಲಿ ನಿಲ್ಲಬೇಕು, ಯಾವಾಗ ಹಿಂದೆ ಸರಿಯಬೇಕು ಎಂದು ಕೂಗಿ ಹೇಳುತ್ತಲೇ ಇರುತ್ತಾನೆ. ದಾಳಿಯಲ್ಲಿ ಎರಡನೆಯ ಫ್ಲೈ ಹಾಫ್‌ನಂತೆ ಸಾಲಿನೊಳಗೆ ಬಂದು ಕೊನೆಯ ಪಾಸ್ ಕೊಡುತ್ತಾನೆ. ಈ ಕೂಗು ಟಿವಿಯಲ್ಲಿ ಕೇಳಿಸುವುದಿಲ್ಲ. ಲೆ ರೂ 2025ರ ಜುಲೈನಲ್ಲಿ ತನ್ನ ನೂರನೆಯ ಟೆಸ್ಟ್ ಆಡಿದ. ಎಲ್ಲ ನೂರು ಪಂದ್ಯಗಳಲ್ಲೂ ಅವನು ಚೆನ್ನಾಗಿ ಆಡಿದ ಎಂದು ನಾನು ಹೇಳುವುದಿಲ್ಲ, ಅವನ ಅತ್ಯಂತ ದೊಡ್ಡ ಅಭಿಮಾನಿಯೂ ಹೇಳಲಾರ.

ಹಿರಿಯರನ್ನು ಆಡಿಸುವ ಪ್ರಶ್ನೆಯ ಹಿಂದಿರುವ ನಿಜವಾದ ಕಾರಣ ಜೋಡಿ. ಹತ್ತು, ಹನ್ನೆರಡು, ಹದಿಮೂರು ಸಂಖ್ಯೆಯ ಮೂವರು, ಅಂದರೆ ಫ್ಲೈ ಹಾಫ್ ಮತ್ತು ಇಬ್ಬರು ಸೆಂಟರ್‌ಗಳು, ಒಂದೇ ಹಗ್ಗಕ್ಕೆ ಕಟ್ಟಿದವರಂತೆ ಚಲಿಸಬೇಕು. ದಕ್ಷಿಣ ಆಫ್ರಿಕಾದ ರಕ್ಷಣೆಯ ಪದ್ಧತಿಯಲ್ಲಿ ಹೊರಗಿನ ಆಟಗಾರರು ವೇಗವಾಗಿ ಮುನ್ನುಗ್ಗಿ, ಎದುರಾಳಿಯ ಚೆಂಡು ಅಂಚಿಗೆ ತಲುಪುವ ಮೊದಲೇ ದಾರಿ ಮುಚ್ಚುತ್ತಾರೆ. ಹದಿಮೂರನೆಯವನು ಅರ್ಧ ಸೆಕೆಂಡ್ ಮೊದಲು ಹೊರಟರೆ ಅವನ ಒಳಬದಿಯಲ್ಲಿ ಬಾಗಿಲು ತೆರೆಯುತ್ತದೆ, ಅರ್ಧ ಸೆಕೆಂಡ್ ತಡವಾದರೆ ಹೊರಬದಿಯಲ್ಲಿ. ಪಕ್ಕದವನ ಭುಜದ ಚಲನೆಯನ್ನು ಓದಿಯೇ ಹೊರಡುವ ಈ ಕಲೆ ಬರುವುದು ಜೊತೆಯಾಗಿ ಆಡಿದ ಪಂದ್ಯಗಳಿಂದ ಮಾತ್ರ. ಡೇಮಿಯನ್ ಡಿ ಅಲೆಂಡೆ ಮತ್ತು ಜೆಸ್ಸಿ ಕ್ರೀಲ್ ಇಬ್ಬರೂ 2015ರ ವಿಶ್ವಕಪ್‌ನಲ್ಲೇ ಆಡಿದವರು. 2023ರಲ್ಲಿ ಆಮ್ ಗಾಯದಿಂದಾಗಿ ಮೊದಲ ಪಟ್ಟಿಯಿಂದ ಹೊರಗುಳಿದಾಗ ತಂಡ ಆತಂಕಪಡದೆ ಕ್ರೀಲ್‌ನ ಕೈಗೆ ಹದಿಮೂರರ ಅಂಗಿ ಕೊಟ್ಟದ್ದು ಈ ಹಳೆಯ ಪರಿಚಯದ ಬಲದಿಂದಲೇ. ಅತ್ಯುತ್ತಮ ಲಯದಲ್ಲಿರುವ ಏಳು ಜನರನ್ನು ಏಳು ಕ್ಲಬ್‌ಗಳಿಂದ ತಂದು ಒಂದು ವಾರದ ಅಭ್ಯಾಸದಲ್ಲಿ ನಿಲ್ಲಿಸಿದರೆ, ಎತ್ತು ಏರಿಗೆ ಕೋಣ ನೀರಿಗೆ ಎಂಬಂತಾಗುತ್ತದೆ.

ಇನ್ನು ಹತ್ತರ ಅಂಗಿಯ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಏಕೆಂದರೆ 2023ರ ವಿಶ್ವಕಪ್‌ಗಿಂತ ಉತ್ತಮವಾದ ಪಾಠ ಈ ವಿಷಯದಲ್ಲಿ ಇನ್ನೊಂದಿಲ್ಲ. ಪೊಲಾರ್ಡ್ ಮೀನಖಂಡದ ಗಾಯದಿಂದ ಮೊದಲ ಪಟ್ಟಿಯಲ್ಲಿರಲಿಲ್ಲ. ಲಿಬೋಕ್ ಮೊದಲ ಆಯ್ಕೆಯಾಗಿದ್ದ. ಸ್ಕಾಟ್ಲೆಂಡ್ ವಿರುದ್ಧದ ಮೊದಲ ಪಂದ್ಯದಲ್ಲಿ ಬೇರೆಡೆ ನೋಡುತ್ತಲೇ ಮೈದಾನದ ಅಡ್ಡಕ್ಕೆ ಚೆಂಡು ಒದ್ದು ಕರ್ಟ್-ಲೀ ಅರೆಂಡ್ಸೆಗೆ ಟ್ರೈ ಮಾಡಿಸಿಕೊಟ್ಟವನು ಅವನು. ಅಂಥ ಕಿಕ್ ಅನ್ನು ಅಭ್ಯಾಸದಲ್ಲಿ ಒದ್ದವರನ್ನು ನೋಡಿದ್ದೇನೆ, ವಿಶ್ವಕಪ್‌ನಲ್ಲಿ ಒದ್ದವರನ್ನು ಅದಕ್ಕೂ ಮೊದಲು ನೋಡಿರಲಿಲ್ಲ. ಸೆಪ್ಟೆಂಬರ್ 23ರಂದು ಐರ್ಲೆಂಡ್ ವಿರುದ್ಧ ತಂಡ 8–13ರಿಂದ ಸೋತಿತು. ಲಿಬೋಕ್ ಮತ್ತು ಫಾರ್ವರ್ಡ್‌ಗಳಿಂದ ಚೆಂಡು ಪಡೆದು ಬ್ಯಾಕ್‌ಗಳಿಗೆ ಕೊಡುವ ಸ್ಕ್ರಮ್ ಹಾಫ್ ಫಾಫ್ ಡಿ ಕ್ಲರ್ಕ್ ಸೇರಿ ಅಂದು ಕಿಕ್‌ಗಳಲ್ಲಿ ಕೈಬಿಟ್ಟದ್ದು 11 ಅಂಕಗಳು. ಆ ಹೊತ್ತಿಗಾಗಲೇ ಮುಂಚೂಣಿಯ ನಡುವೆ ಆಡುವ ಹುಕರ್ ಮಾಲ್ಕಮ್ ಮಾರ್ಕ್ಸ್ ಗಾಯಗೊಂಡು ಮನೆಗೆ ಹೋಗಿದ್ದ; ಅವನ ಜಾಗಕ್ಕೆ ತಂಡ ಕರೆಸಿಕೊಂಡದ್ದು ಇನ್ನೊಬ್ಬ ಹುಕರ್‌ನನ್ನಲ್ಲ, ಪೊಲಾರ್ಡ್‌ನನ್ನು. ಮುಂಚೂಣಿಯ ಆಟಗಾರನ ಬದಲಿಗೆ ಬ್ಯಾಕ್‌ನನ್ನು ಕರೆಸುವುದೆಂದರೆ ಅದು ಒಂದು ಜೂಜು.

ಮುಂದಿನದು ನಿಮಗೆ ಗೊತ್ತಿರುವುದೇ. ಫ್ರಾನ್ಸ್ ವಿರುದ್ಧದ ಕ್ವಾರ್ಟರ್ ಫೈನಲ್‌ಗೂ ಇಂಗ್ಲೆಂಡ್ ವಿರುದ್ಧದ ಸೆಮಿಫೈನಲ್‌ಗೂ ಲಿಬೋಕ್‌ನೇ ಆರಂಭಿಸಿದ. ಸೆಮಿಫೈನಲ್‌ನಲ್ಲಿ ಮಳೆ, ಇಂಗ್ಲೆಂಡಿನ ಎತ್ತರದ ಕಿಕ್‌ಗಳು, ಒದ್ದೆ ಚೆಂಡು. ಸುಮಾರು ಅರ್ಧ ಗಂಟೆಯ ಆಟಕ್ಕೇ ಅವನನ್ನು ಹೊರಗೆ ಕರೆದು ಪೊಲಾರ್ಡ್‌ನನ್ನು ಇಳಿಸಲಾಯಿತು. ಪಂದ್ಯ ಮುಗಿಯಲು ಎರಡು ಮೂರು ನಿಮಿಷ ಇರುವಾಗ ಅರ್ಧ ಮೈದಾನದ ಗೆರೆಯ ಸಮೀಪದಿಂದ ಪೊಲಾರ್ಡ್ ಹೊಡೆದ ಪೆನಾಲ್ಟಿಯಿಂದ ತಂಡ 16–15ರಲ್ಲಿ ಗೆದ್ದಿತು. ಅಕ್ಟೋಬರ್ 28ರ ಫೈನಲ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಗೆಲುವಿನ ಅಂತರ 12–11. ಆ ಹನ್ನೆರಡೂ ಅಂಕಗಳು ಪೊಲಾರ್ಡ್‌ನ ನಾಲ್ಕು ಪೆನಾಲ್ಟಿಗಳಿಂದ ಬಂದವು. ಲಿಬೋಕ್ ಅಂದು 23 ಮಂದಿಯ ಪಟ್ಟಿಯಲ್ಲೇ ಇರಲಿಲ್ಲ.

ಈಗ ನಿಮ್ಮ ಲಯದ ಅಳತೆಗೋಲನ್ನು ಇಲ್ಲಿ ಹಿಡಿದು ನೋಡಿ. ಆ ಟೂರ್ನಿಯ ಆರಂಭದಲ್ಲಿ ಪೊಲಾರ್ಡ್‌ಗೆ ಲಯ ಎಂಬುದೇ ಇರಲಿಲ್ಲ. ಗಾಯದಿಂದ ಎದ್ದು ಅಕ್ಟೋಬರ್ 1ರಂದು ಟೋಂಗಾ ವಿರುದ್ಧವಷ್ಟೇ ಅವನು ಮತ್ತೆ ಟೆಸ್ಟ್ ಆಡಿದ್ದ. ಇತ್ತೀಚಿನ ಪಂದ್ಯಗಳ ಲೆಕ್ಕದಲ್ಲಿ ಲಿಬೋಕ್‌ನೇ ಮುಂದಿದ್ದ. ಆಯ್ಕೆಗಾರರು ಕೇಳಿಕೊಂಡ ಪ್ರಶ್ನೆ ‘ಯಾರು ಚೆನ್ನಾಗಿ ಆಡುತ್ತಿದ್ದಾರೆ’ ಎಂಬುದಾಗಿರಲಿಲ್ಲ, ‘ಈ ಶನಿವಾರದ ಕೆಲಸ ಏನು’ ಎಂಬುದಾಗಿತ್ತು. ಚೆಂಡನ್ನು ಅಗಲಕ್ಕೆ ಆಡಿಸಿ ಟ್ರೈ ಹುಡುಕುವ ಕೆಲಸವಾಗಿದ್ದರೆ ಉತ್ತರ ಲಿಬೋಕ್. ಬಿಗಿಯಾದ ಪಂದ್ಯದಲ್ಲಿ ಸಿಕ್ಕ ಪೆನಾಲ್ಟಿಗಳನ್ನೆಲ್ಲ ಅಂಕವಾಗಿಸುವ ಕೆಲಸವಾಗಿದ್ದರೆ ಪೊಲಾರ್ಡ್.

ಇದಕ್ಕೊಂದು ಸರಳ ಲೆಕ್ಕವನ್ನೂ ಕೊಡುತ್ತೇನೆ, ತಮ್ಮನ ಎದುರು ನಿಮಗೆ ಉಪಯೋಗವಾಗಬಹುದು. ಅಥವಾ ನಿಮ್ಮ ಎದುರು ಅವನಿಗೆ. ಪಂದ್ಯಕ್ಕೆ ಆರು ಕಿಕ್‌ಗಳು ಸಿಗುತ್ತವೆ ಎಂದಿಟ್ಟುಕೊಳ್ಳಿ. ನೂರಕ್ಕೆ 85 ಗುರಿ ತಲುಪಿಸುವವನಿಗೂ 70 ತಲುಪಿಸುವವನಿಗೂ ನಡುವಿನ ವ್ಯತ್ಯಾಸ ಪಂದ್ಯಕ್ಕೆ ಒಂದು ಕಿಕ್‌ಗಿಂತ ಸ್ವಲ್ಪ ಕಡಿಮೆ. ಟ್ರೈ ನಂತರ ಕಂಬಗಳ ನಡುವೆ ಒದೆಯುವ ಕನ್ವರ್ಷನ್‌ಗೆ 2, ಪೆನಾಲ್ಟಿಗೆ 3 ಅಂಕಗಳಾದ್ದರಿಂದ ಎರಡೂ ಕಲಸಿದರೆ ಸರಾಸರಿ ಎರಡು ಅಂಕಕ್ಕೆ ತುಸು ಹೆಚ್ಚು. ಎರಡನೆಯವನು ತನ್ನ ಪಾಸ್ ಮತ್ತು ಓಟದಿಂದ ಮೂರು ಪಂದ್ಯಕ್ಕೊಂದು ಹೆಚ್ಚುವರಿ ಟ್ರೈ ದೊರಕಿಸಿ, ಅದರ ಕನ್ವರ್ಷನ್ ಕೂಡ ಒಳಗೆ ಹೋದರೆ ಏಳು ಅಂಕ ಬಂತು, ಲೆಕ್ಕ ಸಮನಾಯಿತು. ಅಂದರೆ ಇಡೀ ಋತುವನ್ನು ನೋಡಿದರೆ ನಿಮ್ಮ ತಮ್ಮನ ವಾದ ಸೋಲುವಂಥದ್ದಲ್ಲ. ಆದರೆ ನಾಕೌಟ್ ಪಂದ್ಯಗಳಲ್ಲಿ ಟ್ರೈಗಳು ವಿರಳ, ಪೆನಾಲ್ಟಿಗಳು ಹೆಚ್ಚು. 2023ರಲ್ಲಿ ದಕ್ಷಿಣ ಆಫ್ರಿಕಾ ಗೆದ್ದ ಮೂರು ನಾಕೌಟ್ ಪಂದ್ಯಗಳ ಅಂತರವೂ ತಲಾ ಒಂದೇ ಅಂಕ. ಅಲ್ಲಿ ನಿಮ್ಮ ವಾದಕ್ಕೆ ತೂಕ. ಬೂಟಿನ ಮೇಲೆಯೇ ಭಾರ ಹಾಕಿದರೂ ಖಾತರಿಯಿಲ್ಲ ಎನ್ನುವುದಕ್ಕೆ 2024ರ ಜುಲೈನಲ್ಲಿ ಡರ್ಬನ್‌ನಲ್ಲಿ ನಡೆದ ಪಂದ್ಯವೇ ಸಾಕ್ಷಿ: ಪೊಲಾರ್ಡ್ ಎಂಟು ಪೆನಾಲ್ಟಿಗಳಿಂದ 24 ಅಂಕ ಗಳಿಸಿಕೊಟ್ಟ, ಐರ್ಲೆಂಡ್ ಕೊನೆಯ ಕ್ಷಣದ ಡ್ರಾಪ್ ಗೋಲಿನಿಂದ 25–24ಕ್ಕೆ ಗೆದ್ದಿತು.

ಒಂದು ಎಚ್ಚರಿಕೆಯ ಮಾತು. ಐದು ಕಿಕ್‌ಗಳಲ್ಲಿ ಮೂರು ತಪ್ಪಿದ್ದನ್ನು ನೋಡಿ ಯಾರನ್ನೂ ಕೆಟ್ಟ ಕಿಕ್ಕರ್ ಎನ್ನಬೇಡಿ. ಅಂಚಿನ ಗೆರೆಯಿಂದ ಒದ್ದದ್ದೋ ಕಂಬಗಳ ಎದುರಿನಿಂದ ಒದ್ದದ್ದೋ, ಗಾಳಿ ಯಾವ ಕಡೆಯಿತ್ತು ಎಂಬುದನ್ನೆಲ್ಲ ನೋಡಬೇಕು, ಮತ್ತು ಇಪ್ಪತ್ತು ಪಂದ್ಯಗಳಷ್ಟಾದರೂ ಕಿಕ್‌ಗಳನ್ನು ಕೂಡಿಸಬೇಕು. ನಾವು ವಿಶ್ಲೇಷಕರು ಹಾಗೆ ಮಾಡಿಯೂ ತಪ್ಪುತ್ತೇವೆ.

ಚೆನ್ನಾಗಿ ಆಡಿದವನನ್ನು ಮುಂದಿನ ವಾರವೇ ಕೈಬಿಡುವ ಬಗ್ಗೆ ಕೇಳಿದ್ದೀರಿ. 2025ರ ರಗ್ಬಿ ಚಾಂಪಿಯನ್‌ಷಿಪ್‌ನ ಆರು ಪಂದ್ಯಗಳನ್ನು ಸಾಲಾಗಿ ಇಟ್ಟು ನೋಡಿದರೆ ಎರಾಸ್ಮಸ್‌ನ ಮನಸ್ಸು ಹೇಗೆ ಓಡುತ್ತದೆ ಎಂದು ಸ್ವಲ್ಪ ತಿಳಿಯುತ್ತದೆ. ಆಗಸ್ಟ್ 16ರಂದು ಜೊಹಾನ್ಸ್‌ಬರ್ಗ್‌ನ ಎಲ್ಲಿಸ್ ಪಾರ್ಕ್‌ನಲ್ಲಿ ಲಿಬೋಕ್ ಹತ್ತರಲ್ಲಿ ಆರಂಭಿಸಿದ. ತಂಡ 22–0 ಮುಂದಿದ್ದು ಆಸ್ಟ್ರೇಲಿಯಾಕ್ಕೆ 22–38ರಿಂದ ಸೋತಿತು. ಆ ಮೈದಾನದಲ್ಲಿ 1963ರ ನಂತರ ಆಸ್ಟ್ರೇಲಿಯಾ ಗೆದ್ದದ್ದು ಅದೇ ಮೊದಲು. ಮುಂದಿನ ಶನಿವಾರ ಕೇಪ್‌ಟೌನ್‌ನಲ್ಲಿ ಪೊಲಾರ್ಡ್ ಸೇರಿದಂತೆ ಅನುಭವಿಗಳು ಮರಳಿದರು, ತಂಡ 30–22ರಿಂದ ಗೆದ್ದಿತು. ಅದೇ ಅನುಭವವನ್ನು ನೆಚ್ಚಿಕೊಂಡು ಸೆಪ್ಟೆಂಬರ್ 6ರಂದು ಆಕ್ಲೆಂಡ್‌ನ ಈಡನ್ ಪಾರ್ಕ್‌ಗೆ ಹೋದಾಗ ನ್ಯೂಜಿಲೆಂಡ್ 24–17ರಿಂದ ಗೆದ್ದಿತು. ಒಂದು ವಾರದ ನಂತರ ವೆಲ್ಲಿಂಗ್ಟನ್‌ನಲ್ಲಿ ಮತ್ತೆ ಲಿಬೋಕ್ ಹತ್ತರಲ್ಲಿ, ಸುತ್ತಲೂ ಬದಲಾದ ಬ್ಯಾಕ್‌ಗಳ ಸಾಲು. ಫಲಿತಾಂಶ 43–10, ನ್ಯೂಜಿಲೆಂಡ್ ತನ್ನ ಇತಿಹಾಸದಲ್ಲೇ ಅತಿ ದೊಡ್ಡ ಅಂತರದಿಂದ ಸೋತ ದಿನ. ಅಷ್ಟಾದರೂ ಸೆಪ್ಟೆಂಬರ್ 27ರಂದು ಡರ್ಬನ್‌ನಲ್ಲಿ ಹತ್ತರ ಅಂಗಿ ಫೈನ್‌ಬರ್ಗ್-ಮ್ಗೊಮೆಜುಲುವಿಗೆ ಹೋಯಿತು. ಅವನು ಅರ್ಜೆಂಟೀನಾ ವಿರುದ್ಧ ಒಬ್ಬನೇ 37 ಅಂಕ ಗಳಿಸಿದ. ಒಂದು ಟೆಸ್ಟ್‌ನಲ್ಲಿ ದಕ್ಷಿಣ ಆಫ್ರಿಕಾದ ಆಟಗಾರನೊಬ್ಬನ ದಾಖಲೆ ಅದು. ಐವತ್ತು ದಿನ, ಮೂವರು ಫ್ಲೈ ಹಾಫ್‌ಗಳು, ಕೊನೆಗೆ ಸತತ ಎರಡನೆಯ ವರ್ಷ ಪ್ರಶಸ್ತಿ.

ಇದನ್ನು ಬುದ್ಧಿವಂತಿಕೆ ಎಂದು ಹೊಗಳುವುದು ಸುಲಭ. ಗೆದ್ದ ಮೇಲೆ ಎಲ್ಲವೂ ಬುದ್ಧಿವಂತಿಕೆಯೇ. ನನ್ನ ಮಟ್ಟಿಗೆ ಈ ಸಾಲಿನಲ್ಲಿ ಅಭಿಮಾನಿಗಳ ಪರವಾದ ಸಾಕ್ಷ್ಯವೂ ಇದೆ. ಆಕ್ಲೆಂಡ್‌ನ ಈಡನ್ ಪಾರ್ಕ್‌ನಲ್ಲಿ ನಂಬಿಕೆಯ ಹೆಸರಿನಲ್ಲಿ ಹಳಬರನ್ನೇ ಇಳಿಸಿದ್ದು ಫಲ ಕೊಡಲಿಲ್ಲ, ಏಳು ದಿನಗಳಲ್ಲಿ ಹೊಸ ಕಾಲುಗಳು ಅದೇ ಎದುರಾಳಿಯನ್ನು ಮಣಿಸಿದವು. ಜೋಡಿಯ ಪರಿಚಯ ಒಳ್ಳೆಯದೆಂದು ಮೇಲೆ ನಾನೇ ವಾದಿಸಿದೆ. ಆದರೆ ಪರಿಚಯ ವೇಗವನ್ನು ತರುವುದಿಲ್ಲ. ಮೂವತ್ತು ದಾಟಿದ ಬ್ಯಾಕ್ ಆಟಗಾರ ಮೊದಲು ಕಳೆದುಕೊಳ್ಳುವುದು ನೇರ ಓಟದ ವೇಗವನ್ನಲ್ಲ, ತಿರುಗಿ ಮತ್ತೆ ಓಡುವ ವೇಗವನ್ನು. ಹಿಂದಕ್ಕೆ ಬಿದ್ದ ಕಿಕ್‌ನತ್ತ ಅವನು ತಿರುಗುವ ಮೊದಲ ಮೂರು ಹೆಜ್ಜೆಗಳನ್ನು ಗಮನಿಸಿ. ನಿಮ್ಮ ಸಂಶಯ ಸರಿಯೋ ತಪ್ಪೋ ಅಲ್ಲಿ ತಿಳಿಯುತ್ತದೆ.

ವಿಂಗ್‌ಗಳಿಗೆ ಚೆಂಡು ಕೊಡದೆ ಒದೆಯುತ್ತಾರೆ ಎಂಬ ದೂರಿನಲ್ಲಿ ಒಂದು ಕಲ್ಪನೆಯಿದೆ: ಒದ್ದರೆ ಚೆಂಡು ಕಳೆದುಹೋಯಿತು ಎಂಬುದು. ಎತ್ತರಕ್ಕೆ ಒದ್ದ ಚೆಂಡು ಕೆಳಗೆ ಬರುವಷ್ಟರಲ್ಲಿ ಅದನ್ನು ಬೆನ್ನಟ್ಟಿದವನೂ ಹಿಡಿಯಲು ನಿಂತವನೂ ಸಮಾನ ಹಕ್ಕುದಾರರು. ಇಲ್ಲಿ ಈಚೆಗೆ ಮುಖ್ಯವಾದ ಬದಲಾವಣೆಯೂ ಆಗಿದೆ. ಚೆಂಡು ಹಿಡಿಯಲು ನಿಂತವನ ಸುತ್ತ ಸಹ ಆಟಗಾರರು ಗೋಡೆಯಂತೆ ನಿಂತು ಬೆನ್ನಟ್ಟುವವನ ದಾರಿ ತಡೆಯುವ ರೂಢಿಯಿತ್ತು. 2024ರ ಕೊನೆಯಿಂದ ರೆಫ್ರಿಗಳು ಅದನ್ನು ಕಟ್ಟುನಿಟ್ಟಾಗಿ ಶಿಕ್ಷಿಸತೊಡಗಿದರು. ಹಾಗಾಗಿ ಗಾಳಿಯಲ್ಲಿ ಜಿಗಿದು ಚೆಂಡು ಕಸಿಯಬಲ್ಲ ವಿಂಗ್‌ನ ಬೆಲೆ ಎಲ್ಲ ದೇಶಗಳಲ್ಲೂ ಏರಿತು, ಬರೀ ಓಡಬಲ್ಲವನ ಬೆಲೆ ಇಳಿಯಿತು. ಸುಮಾರು 1.71 ಮೀಟರ್ ಎತ್ತರದ ಕೋಲ್ಬಿ ಇಂಥ ಕಾಲದಲ್ಲೂ ತಂಡದಲ್ಲಿ ಉಳಿದಿರುವುದಕ್ಕೆ ಅವನ ಜಿಗಿತದ ಸಮಯಪ್ರಜ್ಞೆ ಒಂದು ಕಾರಣ. ಇನ್ನೊಂದು ಕಾರಣ ಯಾವ ಅಂಕಪಟ್ಟಿಗೂ ಸಿಗುವುದಿಲ್ಲ. 2023ರ ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್‌ನ ಥಾಮಸ್ ರಾಮೋಸ್ ಕನ್ವರ್ಷನ್‌ಗೆ ಹೆಜ್ಜೆ ಇಡುತ್ತಿದ್ದಂತೆ ಗೋಲು ಗೆರೆಯಿಂದ ಚಿಮ್ಮಿ ಬಂದು ಆ ಕಿಕ್ ಅನ್ನು ಕೈಯಿಂದ ತಡೆದವನು ಕೋಲ್ಬಿ. ತಂಡ ಗೆದ್ದದ್ದು 29–28ರಿಂದ. ಆ ಎರಡು ಅಂಕ ಫ್ರಾನ್ಸ್‌ಗೆ ದಕ್ಕಿದ್ದರೆ ಏನಾಗುತ್ತಿತ್ತೆಂದು ಊಹಿಸಿಕೊಳ್ಳಿ. ಅದೇ ಕೋಲ್ಬಿ ಫೈನಲ್‌ನ ಕೊನೆಯ ಘಟ್ಟದಲ್ಲಿ ಹಳದಿ ಕಾರ್ಡ್ ಪಡೆದು, ಅಂಗಿಯಿಂದ ಮುಖ ಮುಚ್ಚಿಕೊಂಡು ಹೊರಗೆ ಕುಳಿತಿದ್ದ.

ಏಳು–ಒಂದರ ಮೀಸಲು ಪಟ್ಟಿಗೆ ಬರೋಣ. ಟೆಸ್ಟ್ ಪಂದ್ಯಕ್ಕೆ 23 ಮಂದಿ, ಅಂದರೆ ಎಂಟು ಮೀಸಲು. ಫಾರ್ವರ್ಡ್‌ಗಳು ಒಟ್ಟಾಗಿ ತಳ್ಳಾಡುವ ಸ್ಕ್ರಮ್‌ನ ಮುಂಚೂಣಿಗೆ ತರಬೇತಿ ಪಡೆದ ಮೂವರು ಅದರಲ್ಲಿ ಇರಲೇಬೇಕೆಂಬುದು ಸುರಕ್ಷತೆಯ ನಿಯಮ. ಉಳಿದ ಐವರ ಹಂಚಿಕೆ ಕೋಚ್‌ನ ಇಚ್ಛೆ. ಐದು ಫಾರ್ವರ್ಡ್, ಮೂರು ಬ್ಯಾಕ್ ಎಂಬುದು ಹಳೆಯ ರೂಢಿ. 2019ರಲ್ಲಿ ದಕ್ಷಿಣ ಆಫ್ರಿಕಾ ಆರು–ಎರಡನ್ನು ಹೆಸರುವಾಸಿ ಮಾಡಿತು. 2023ರ ಫೈನಲ್‌ಗೆ ಏಳು–ಒಂದು, ಆ ಒಬ್ಬ ಬ್ಯಾಕ್ ಲೆ ರೂ. ಅಂದರೆ ಸ್ಕ್ರಮ್ ಹಾಫ್ ಡಿ ಕ್ಲರ್ಕ್‌ಗೆ ಬದಲಿಯೇ ಇರಲಿಲ್ಲ. ಭಾರ ಹೊರುವ ಫಾರ್ವರ್ಡ್‌ಗಳು ಐವತ್ತು ನಿಮಿಷಕ್ಕೆ ಬಸವಳಿಯುತ್ತಾರೆ, ಬ್ಯಾಕ್‌ಗಳು ಎಂಬತ್ತು ನಿಮಿಷ ಓಡಬಲ್ಲರು ಎಂಬುದು ಇದರ ಹಿಂದಿನ ತರ್ಕ, ಮತ್ತು ಅದು ನಿಜವೇ. ಅಪಾಯವೂ ಅಷ್ಟೇ ನಿಜ: ಮೊದಲ ಹತ್ತು ನಿಮಿಷದಲ್ಲಿ ಇಬ್ಬರು ಬ್ಯಾಕ್‌ಗಳು ಗಾಯಗೊಂಡರೆ ಯೋಜನೆಯೇ ಕುಸಿಯುತ್ತದೆ. ಆ ಫೈನಲ್‌ನಲ್ಲಿ ದುರದೃಷ್ಟ ಎರಗಿದ್ದು ಬ್ಯಾಕ್‌ಗಳ ಮೇಲಲ್ಲ. ಆರಂಭದ ನಿಮಿಷಗಳಲ್ಲೇ ಹುಕರ್ ಬೊಂಗಿ ಎಂಬೊನಾಂಬಿ ಹೊರನಡೆದ, ಫ್ಲ್ಯಾಂಕರ್ ಆಗಿ ಹೆಚ್ಚು ಹೆಸರಾದ ಡಿಯೊನ್ ಫೂರಿ ಉಳಿದ ಪಂದ್ಯವಿಡೀ ಆ ಜಾಗದಲ್ಲಿ ದುಡಿದ. ಪೊಲಾರ್ಡ್‌ನನ್ನು ಕರೆಸಿದ ಜೂಜಿನ ಬೆಲೆ ಅದು; ಹುಕರ್ ಅಂಚಿನಿಂದ ಚೆಂಡು ಎಸೆಯುವ ಲೈನ್‌ಔಟ್‌ನಲ್ಲಿ ಅದು ಕಾಣಿಸಿತು ಕೂಡ.

ಈ ಹಂಚಿಕೆ ಬ್ಯಾಕ್‌ಗಳ ಆಯ್ಕೆಯನ್ನೇ ತಿರುಗಿಸಿಬಿಡುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಬೆಂಚಿನಲ್ಲಿ ಒಬ್ಬನೇ ಬ್ಯಾಕ್ ಇದ್ದರೆ, ಕಣದಲ್ಲಿರುವ ಏಳು ಮಂದಿಯಲ್ಲಿ ಕನಿಷ್ಠ ಇಬ್ಬರು ಬೇರೆ ಬೇರೆ ಸ್ಥಾನಗಳಲ್ಲಿ ಆಡಬಲ್ಲವರಾಗಿರಬೇಕು. ಡೇಮಿಯನ್ ವಿಲ್ಲೆಮ್ಸೆ ತನ್ನ ಲಯ ಏರಿಳಿದರೂ ಪಟ್ಟಿಯಿಂದ ಹೊರಬೀಳದಿರುವುದು ಇದಕ್ಕೇ. ಅವನು ಫುಲ್‌ಬ್ಯಾಕ್, ಸೆಂಟರ್, ಫ್ಲೈ ಹಾಫ್ ಎಲ್ಲಿಯೂ ನಿಲ್ಲಬಲ್ಲ. ಸೆಂಟರ್ ಆಂದ್ರೆ ಎಸ್ಟರ್‌ಹೈಜೆನ್‌ನನ್ನು 2025ರಲ್ಲಿ ಫಾರ್ವರ್ಡ್‌ಗಳ ಸಾಲಿನಲ್ಲೂ ಆಡಿಸಿದ್ದು ಅದೇ ಗಣಿತ. ಒಂದೇ ಸ್ಥಾನದಲ್ಲಿ ಅದ್ಭುತವಾಗಿ ಆಡುವ ವಿಂಗ್‌ನೊಬ್ಬ ಈ ಪದ್ಧತಿಯಲ್ಲಿ ಹದಿನೈದರೊಳಗೆ ಇರಬೇಕು, ಇಲ್ಲವೇ 23ರಿಂದಲೇ ಹೊರಗೆ. ಅದು ಅವನಿಗೆ ಅನ್ಯಾಯ ಎಂದು ನನಗೂ ಅನ್ನಿಸಿದೆ.

ಮೈಬಣ್ಣದ ಮಾತು ಬಂತು, ತಪ್ಪಿಸಿಕೊಂಡು ಹೋಗುವುದಿಲ್ಲ. ವರ್ಣಭೇದದ ದಶಕಗಳಲ್ಲಿ ಸ್ಪ್ರಿಂಗ್‌ಬಾಕ್ ಅಂಗಿ ಬಹುಸಂಖ್ಯಾತರಿಗೆ ಮುಚ್ಚಿದ ಬಾಗಿಲಾಗಿತ್ತು. 1995ರ ವಿಶ್ವಕಪ್ ಗೆದ್ದ ತಂಡದಲ್ಲೂ ಬಿಳಿಯನಲ್ಲದ ಆಟಗಾರನೆಂದರೆ ಚೆಸ್ಟರ್ ವಿಲಿಯಮ್ಸ್ ಒಬ್ಬನೇ, ಅವನೂ ವಿಂಗ್. ಆ ಅಸಮತೆಯನ್ನು ಸರಿಪಡಿಸಲು ಅಲ್ಲಿನ ರಗ್ಬಿ ಆಡಳಿತ ಗುರಿಗಳನ್ನು ಇಟ್ಟುಕೊಂಡಿರುವುದು ಗುಟ್ಟೇನಲ್ಲ. ಆದರೆ ಅದರಿಂದ ಅನರ್ಹರು ಬರುತ್ತಾರೆ ಎಂಬ ತೀರ್ಮಾನ ಆಟದ ದಾಖಲೆಯ ಮುಂದೆ ನಿಲ್ಲುವುದಿಲ್ಲ. ಮಪಿಂಪಿ ಈಸ್ಟರ್ನ್ ಕೇಪ್‌ನ ಹಳ್ಳಿಯಿಂದ ಬಂದವನು. ಹೆಸರಾಂತ ರಗ್ಬಿ ಶಾಲೆಗಳ ದಾರಿಯಲ್ಲಿ ಅವನು ನಡೆದಿರಲಿಲ್ಲ, ಮೊದಲ ಟೆಸ್ಟ್ ಆಡಿದಾಗ ಅವನಿಗೆ 27 ವರ್ಷ. ಮೊದಲೇ ಕಾಣಬೇಕಾಗಿದ್ದವನನ್ನು ಪದ್ಧತಿ ತಡವಾಗಿ ಕಂಡಿತು. ಆಯ್ಕೆಯಲ್ಲಿ ಬಣ್ಣ ಕೆಲಸ ಮಾಡಿದ್ದರೆ, ಅದು ಹೆಚ್ಚು ಕಾಲ ಮಾಡಿದ್ದು ಈ ದಿಕ್ಕಿನಲ್ಲಿ.

ಲಯವನ್ನು ಅಳೆಯುವಲ್ಲಿ ಇನ್ನೊಂದು ಕಷ್ಟವನ್ನೂ ಹೇಳಿ ಮುಂದೆ ಹೋಗುತ್ತೇನೆ. ನ್ಯೂಜಿಲೆಂಡ್ ತನ್ನ ದೇಶದಲ್ಲಿ ಆಡುವವರನ್ನೇ ಆಯ್ಕೆ ಮಾಡುತ್ತದೆ. ದಕ್ಷಿಣ ಆಫ್ರಿಕಾ ಹೊರದೇಶಗಳಲ್ಲಿ ಆಡುವವರನ್ನೂ ಕರೆಯುತ್ತದೆ. 2025ರಲ್ಲಿ ಕೋಲ್ಬಿ, ಡಿ ಅಲೆಂಡೆ, ಕ್ರೀಲ್ ಜಪಾನಿನ ಲೀಗ್‌ನಲ್ಲಿದ್ದರೆ, ಫೈನ್‌ಬರ್ಗ್-ಮ್ಗೊಮೆಜುಲು ಕೇಪ್‌ಟೌನ್‌ನ ಸ್ಟಾರ್ಮರ್ಸ್ ಪರ ಐರ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್, ಇಟಲಿಯ ಕ್ಲಬ್‌ಗಳ ವಿರುದ್ಧ ಆಡುತ್ತಿದ್ದ. ಜಪಾನಿನಲ್ಲಿ ಪಂದ್ಯಗಳು ಕಡಿಮೆ, ಚೆಂಡು ವೇಗವಾಗಿ ಓಡುತ್ತದೆ, ಮೈಗೆ ಪೆಟ್ಟು ಕಡಿಮೆ; ಅಲ್ಲಿ ಮೂರು ಟ್ರೈ ಹೊಡೆದವನನ್ನೂ ಐರ್ಲೆಂಡಿನ ಮಳೆಯಲ್ಲಿ ಒಂದೂ ಹೊಡೆಯದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹೀಗಿರುವಾಗ ಆಯ್ಕೆಗಾರನ ಮುಂದಿರುವ ದಾರಿಗಳು ನಾಲ್ಕು. ಪಳಗಿದ ಜೋಡಿಗಳನ್ನೇ ಉಳಿಸಿಕೊಂಡರೆ ರಕ್ಷಣೆ ಭದ್ರ, ಆದರೆ ಒಂದು ದಿನ ಎಲ್ಲರಿಗೂ ಒಟ್ಟಿಗೇ ವಯಸ್ಸಾಗುತ್ತದೆ, ಮತ್ತು ಅದು ಸಾಮಾನ್ಯವಾಗಿ ದೊಡ್ಡ ಪಂದ್ಯದ ದಿನವೇ ತಿಳಿಯುತ್ತದೆ. ಲಯ ನೋಡಿ ಪ್ರತಿ ವಾರ ಬದಲಿಸಿದರೆ ನೋಡುವವರಿಗೆ ನ್ಯಾಯ ಕಂಡಂತಾಗುತ್ತದೆ, ಆದರೆ ಆಟಗಾರ ತಪ್ಪಿಗೆ ಹೆದರಿ ಅಪಾಯವಿಲ್ಲದ ಪಾಸ್ ಕೊಟ್ಟು ಕೈತೊಳೆದುಕೊಳ್ಳಲು ಕಲಿಯುತ್ತಾನೆ. ಇಂಥವರಿಗೆ ನಾನೇ ತರಬೇತಿ ಕೊಟ್ಟಿದ್ದೇನೆ. ಎರಾಸ್ಮಸ್‌ನಂತೆ ಎರಡು ಮೂರು ಸಾಲುಗಳನ್ನು ಸರದಿಯಲ್ಲಿ ಆಡಿಸಿದರೆ ಗಾಯಗಳಿಗೆ ತಂಡ ಬಗ್ಗುವುದಿಲ್ಲ, ಆದರೆ ನಡುವೆ ಎಲ್ಲಿಸ್ ಪಾರ್ಕ್‌ನಂಥ ಮಧ್ಯಾಹ್ನಗಳನ್ನು ನುಂಗಿಕೊಳ್ಳಬೇಕು. ಎದುರಾಳಿಗೆ ತಕ್ಕಂತೆ ಪ್ರತಿ ಪಂದ್ಯಕ್ಕೂ ಹೊಸದಾಗಿ ಹೊಲಿದು ಕೊಡುವುದು ನಾಲ್ಕನೆಯದು. ಎದುರಾಳಿಯನ್ನು ತಪ್ಪಾಗಿ ಓದಿದರೆ ಆ ಅಂಗಿ ಯಾರಿಗೂ ಹೊಂದುವುದಿಲ್ಲ. ನಾನು ಮೂರನೆಯದರ ಪಕ್ಷ, ವಿಶ್ವಕಪ್‌ಗೆ ಹನ್ನೆರಡು ತಿಂಗಳು ಉಳಿಯುವವರೆಗೆ. ಆಮೇಲೆ ಸರದಿ ನಿಲ್ಲಬೇಕು, ಹತ್ತು–ಹನ್ನೆರಡು–ಹದಿಮೂರು ಗಟ್ಟಿಯಾಗಬೇಕು.

ನಿಮ್ಮ ಕೊನೆಯ ಪ್ರಶ್ನೆಗೆ ನೇರ ಉತ್ತರ. 2027ರ ಆಸ್ಟ್ರೇಲಿಯಾ ವಿಶ್ವಕಪ್‌ಗೆ ನಾನು ಹತ್ತರ ಅಂಗಿಯನ್ನು ಫೈನ್‌ಬರ್ಗ್-ಮ್ಗೊಮೆಜುಲುವಿಗೆ ಕೊಡುತ್ತೇನೆ. ಲಿಬೋಕ್‌ನ ಕಣ್ಣು, ಪೊಲಾರ್ಡ್‌ನ ಉದ್ದನೆಯ ಕಿಕ್ ಎರಡರಲ್ಲೂ ಅವನಿಗೆ ಪಾಲಿದೆ, ಸ್ವತಃ ಸಾಲನ್ನು ಸೀಳಿ ಓಡುವ ಬಲ ಇಬ್ಬರಿಗಿಂತ ಹೆಚ್ಚು. ಅವನ ದೌರ್ಬಲ್ಯ ಆತುರ. ಮುಂದಿರುವಾಗಲೂ ಅಸಾಧ್ಯವಾದ ಪಾಸ್‌ಗೆ ಕೈಹಾಕುತ್ತಾನೆ. ಹಾಗಾಗಿ ನಾಕೌಟ್ ಪಂದ್ಯವಾದರೆ ಪೊಲಾರ್ಡ್, ಅಷ್ಟರಲ್ಲಿ ಅವನ ಮೈ ಒಗ್ಗಿದರೆ, ನನ್ನ ಬೆಂಚಿನಲ್ಲಿರಬೇಕು. ಸ್ಕ್ರಮ್ ಹಾಫ್‌ಗೂ ಒಬ್ಬ ಬದಲಿ ಬೇಕೇ ಬೇಕು. ಅಲ್ಲಿಗೆ ಏಳು–ಒಂದು ಹೋಗಿ ಆರು–ಎರಡಾಯಿತು, ಒಬ್ಬ ಫಾರ್ವರ್ಡ್ ಮನೆಯಲ್ಲುಳಿದ. ಯಾವ ಫಾರ್ವರ್ಡ್‌ನನ್ನು ಬಿಡಬೇಕೆಂಬ ಜಗಳವನ್ನು ನೀವು ಮತ್ತು ನಿಮ್ಮ ತಮ್ಮ ಶುರುಮಾಡಬಹುದು.